ಪಟ್ಟಿಯಲ್ಲಿ ಇಲ್ಲದ ಹಳ್ಳಿ

ಬಾಯಾರ ಬಲಗೈಯ ತೋರುಬೆರಳಿನ ತುದಿ ಎಷ್ಟು ತೊಳೆದರೂ ಕಪ್ಪಗೇ ಇರುತ್ತಿತ್ತು. ಉಗುರಿನ ಸಂದಿಯಲ್ಲಿ ಮಸಿ ಕೂತುಬಿಟ್ಟಿತ್ತು. ಜೀಪಿನಲ್ಲಿ ಶೇಂಗಾ ಸುಲಿದು ತಿನ್ನುವಾಗಲೂ ಆ ಒಂದು ಬೆರಳನ್ನು ಮಾತ್ರ ಎತ್ತಿ ಹಿಡಿದಿರುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡದ ಒಂದು ಸಂಶೋಧನಾ ಸಂಸ್ಥೆಗೆ ನಾನು ಆಗಷ್ಟೇ ಪಿಎಚ್.ಡಿ. ಮುಗಿಸಿ ಸೇರಿದ್ದೆ. ಸರಕಾರದ ಯೋಜನೆಗಳು ಜನರಿಗೆ ಎಷ್ಟು ಮುಟ್ಟಿವೆ ಎಂದು ನೋಡಿ ವರದಿ ಬರೆಯುವುದು ನಮ್ಮ ಕೆಲಸ. ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸುವ ತಂಡಕ್ಕೆ ಬಾಯಾರು ಮುಖ್ಯಸ್ಥರು. ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಕರೆಯುವುದೇ ಹಾಗೆ. ನನಗಿಂತ ಬಹಳ ಹಿರಿಯರು. ನನ್ನದು ಕಾಯಂ ನೌಕರಿ. ಅವರದು ಒಂದೊಂದು ಅಧ್ಯಯನಕ್ಕೆ ಒಂದೊಂದು ನೇಮಕ. ಆಫೀಸಿನಲ್ಲಿ ನನ್ನನ್ನು 'ಸರ' ಎನ್ನುತ್ತಿದ್ದರು. ಜೀಪು ಊರು ದಾಟಿದ್ದೇ ತಡ, ನಾನು 'ತಮ್ಮಾ' ಆಗುತ್ತಿದ್ದೆ. ನನ್ನ ಉದ್ದನೆಯ ಪ್ರಶ್ನಾವಳಿ ಅವರಿಗೆ ತಮಾಷೆಯ ವಸ್ತು. ಅದು ಮುಗಿಯುವುದರೊಳಗೆ ಉತ್ತರ ಹೇಳುವವಳ ಮಗಳ ಮದುವೆಯಾಗಿರುತ್ತದೆ ಎನ್ನುತ್ತಿದ್ದರು.

ಆ ವರ್ಷ ನಾವು ನೋಡಬೇಕಾಗಿದ್ದದ್ದು ಹೊಗೆಯಿಲ್ಲದ ಒಲೆಗಳನ್ನು. ಹಳ್ಳಿಗಳ ಪಟ್ಟಿಯನ್ನು ಒಲೆ ಕಟ್ಟಿಸಿದ ಇಲಾಖೆಯೇ ಕೊಟ್ಟಿತ್ತು. ಅದರಲ್ಲಿ ತಪ್ಪೇನಿದೆ ಎಂದು ನನಗೂ ಅನ್ನಿಸಿರಲಿಲ್ಲ. ಉಪ್ಪಿನಬೆಟಗೇರಿ ಕಡೆಯ ಒಂದು ಹಳ್ಳಿ. ಮನೆಯವಳು ದಿನಾ ಇದರ ಮೇಲೇ ಅಡುಗೆ ಎಂದಳು. ಬಾಯಾರು ಹೊಗೆ ಹೋಗುವ ಕೊಳವೆಯೊಳಗೆ ಬೆರಳು ಹಾಕಿ ತೆಗೆದರು. ಬೆರಳು ಕಪ್ಪಾಗಿತ್ತು. 'ಬಳಕೆಯಲ್ಲಿದೆ' ಎಂದು ನಾನು ಗುರುತು ಹಾಕಿದೆ. ಅವರು ಬೆರಳನ್ನು ನನ್ನ ಮುಖದ ಹತ್ತಿರ ತಂದು ಮೆಲ್ಲಗೆ ಊದಿದರು. ಮಸಿ ಪುಡಿಯಾಗಿ ಹಾರಿತು.

"ಹಳೇ ಮಸಿ ಜಿಗಟ ಇರತೈತಿ ತಮ್ಮಾ, ಊದಿದ್ರ ಹಾರಂಗಿಲ್ಲ. ಇದು ನಿನ್ನೀದು."

ಆಮೇಲೆ ಮನೆಯವಳ ಪಕ್ಕ ಕೂತು, ರೊಟ್ಟಿ ಎಲ್ಲಿ ಬೇಯಿಸುತ್ತೀಯವ್ವಾ ಎಂದು ಕೇಳಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ಹಿತ್ತಲಿನ ಮೂರು ಕಲ್ಲಿನ ಒಲೆ ತೋರಿಸಿದಳು.

"ನಮ್ಮ ರೊಟ್ಟಿ ಹಂಚು ಆ ಹೊಸಾ ಒಲಿ ಮ್ಯಾಲ ಕುಂದರಂಗಿಲ್ರೀ ಬಾಯಾರ. ನಿನ್ನೆ ಸಾಹೇಬ್ರು ಬಂದು ಉರಿ ಹಚ್ಚ್ರಿ ಅಂದ್ರು, ಹಚ್ಚಿದ್ವಿ."

ಬಾಯಾರು ಡ್ರೈವರ್‌ಗೆ ಹೇಳಿ ಪಟ್ಟಿಯಲ್ಲಿಲ್ಲದ ಪಕ್ಕದ ಹಳ್ಳಿಗೆ ಜೀಪು ತಿರುಗಿಸಿದರು. ಅಲ್ಲಿ ಒಂದು ಮನೆಯ ಒಲೆಯೊಳಗೆ ಕೋಳಿ ಕಾವಿಗೆ ಕೂತಿತ್ತು. ಮನೆ ಮನೆಯಲ್ಲೂ ಅವರ ಬೆರಳು ಹೊಸ ಮಸಿ ಹತ್ತದೆ, ಕೊಳವೆಯೊಳಗೆ ಹೋದಂತೆಯೇ ಹೊರಗೆ ಬಂತು. ಹಿಂದಿರುಗುವಾಗ ಹೇಳಿದರು: "ಹಳ್ಳಿ ನಾವ ಆರಿಸಬೇಕು. ಹೋಗೂ ಮುಂಜಾನಿ ತನಕ ಯಾರಿಗೂ ಗೊತ್ತಾಗಬಾರದು. ಇಲ್ಲಂದ್ರ ಅವರು ತೋರಿಸಿದ್ದನ್ನ ನಾವು ನೋಡಿ ಬರೂದು, ಅಷ್ಟ."

ಇದನ್ನು ಬರೆದರೆ ಇಲಾಖೆ ಮುಂದಿನ ಅಧ್ಯಯನ ಕೊಡುವುದಿಲ್ಲ, ಕೊಡದಿದ್ದರೆ ಬಾಯಾರ ಕೆಲಸ ಹೋಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು. ಆ ಪುಟ ಬಿಡೋಣವೇ ಎಂದು ಕೇಳಿದೆ.

"ಬೆರಳಿಗೆ ಹತ್ತಿದ್ದನ್ನ ಬರೀಪಾ. ಮುಂದಿಂದು ನಾ ನೋಡ್ಕೋತೇನಿ."

ಬರೆದೆ. ಅಧ್ಯಯನ ಬರಲಿಲ್ಲ. ಮರುವರ್ಷ ಬೇರೆ ಕೆಲಸ ಬರುವವರೆಗೆ ಅವರು ಮನೆಯಲ್ಲೇ ಕೂತರು. ನನ್ನ ಕುರ್ಚಿ ಅಲುಗಲಿಲ್ಲ.

ಕೆಲವು ವರ್ಷಗಳ ನಂತರ, ಸರಕಾರ ತನ್ನ ಯೋಜನೆಗಳ ಮೌಲ್ಯಮಾಪನ ಹೇಗೆ ನಡೆಯಬೇಕೆಂದು ಒಂದು ನೀತಿ ಮಾಡಲು ಹೊರಟಿತು. ಅಭಿಪ್ರಾಯ ಕೇಳಲು ಬೆಂಗಳೂರಿನಿಂದ ಅಧಿಕಾರಿಗಳು ಧಾರವಾಡಕ್ಕೆ ಬಂದರು. ನಾನು ಎದ್ದು ನಿಂತು ಹೇಳಿದೆ: ಪರೀಕ್ಷೆಗೆ ಒಳಗಾಗುವ ಇಲಾಖೆ ಹಳ್ಳಿಗಳನ್ನು ಆರಿಸಬಾರದು, ಹೋಗುವ ಬೆಳಿಗ್ಗೆಯವರೆಗೂ ಹೆಸರು ಹೊರಗೆ ಬರಬಾರದು, ವರದಿ ಅದೇ ಇಲಾಖೆಯ ಕಪಾಟಿನಲ್ಲಿ ಉಳಿಯಬಾರದು. ಜನ ಚಪ್ಪಾಳೆ ತಟ್ಟಿದರು. ಹಿರಿಯ ಅಧಿಕಾರಿಯೊಬ್ಬರು ನನ್ನ ಹೆಸರು ಕೇಳಿ ಬರೆದುಕೊಂಡರು. ಬಾಯಾರು ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರ ಹೆಸರು ನಾನು ಹೇಳಲಿಲ್ಲ.

ಮರುದಿನ ಕೆಲಸಕ್ಕೆ ಹೊರಟೆವು. ಜೀಪು ಊರು ದಾಟಿ ಬಹಳ ದೂರ ಹೋದ ಮೇಲೆ ಅವರು ಶೇಂಗಾದ ಚೀಲ ನನ್ನ ಕಡೆ ಸರಿಸಿ ಹೇಳಿದರು:

"ನಿನ್ನೆ ಛಲೋ ಮಾತಾಡಿದ್ರಿ, ಸರ."

ಆಮೇಲೆ ಅವರು ಕೆಲಸ ಬಿಡುವವರೆಗೂ ಜೀಪಿನಲ್ಲಿ ನಾನು ಸರನೇ.

ನಮ್ಮ ಮಾತಿನಂಥದೇ ಒಂದು ಮಾತು ಮುಂದೆ ನಿಯಮವಾಯಿತು. ನಮ್ಮಿಂದಲೇ ಆಯಿತೆನ್ನಲು ನನ್ನಲ್ಲಿ ಪುರಾವೆ ಇಲ್ಲ. ಇನ್ನೂ ಹಲವರು ಹೇಳಿರಬಹುದು. ಬಾಯಾರು ತೀರಿಕೊಂಡಾಗ ಹುಬ್ಬಳ್ಳಿ ವಿದ್ಯಾನಗರದ ಅವರ ಮನೆಗೆ ಹೋಗಿದ್ದೆ. ಅವರ ಬಲಗೈ ಬೆರಳಿನ ಮಸಿಯ ಕಥೆಯನ್ನು ಮಗಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ಅವ್ವಗ ಎಡಗೈ ರೂಢಿ ಇತ್ತಲ್ರೀ. ಎಲ್ಲಾ ಎಡಗೈಲೆ ಮಾಡ್ತಿದ್ಲು" ಎಂದಳು.

ಅಷ್ಟು ವರ್ಷ ಎದುರಿಗೆ ಕೂತು ಬರೆದವರ ಕೈ ಯಾವುದೆಂದು ನಾನು ನೋಡಿರಲಿಲ್ಲ. ಮೊದಲ ಸಾಲನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ. ನನ್ನ ನೆನಪೂ ಆ ಇಲಾಖೆಯ ಹಾಗೆಯೇ. ತೋರಿಸಬೇಕಾದ ಹಳ್ಳಿಗಳನ್ನು ತಾನೇ ಆರಿಸಿ, ಒಂದು ದಿನ ಮುಂಚೆ ಹೋಗಿ ಉರಿ ಹಚ್ಚಿ ಬರುತ್ತದೆ. ಮೇಲೆ ಬರೆದದ್ದರಲ್ಲಿ ಎಷ್ಟು ಖರೆ ಎಂದು ಕೇಳಿದರೆ ಹೇಳಲಾರೆ. ಆದರೆ ಆ 'ಸರ' ಎಂಬ ಮಾತನ್ನು ಮಾತ್ರ ನಂಬುತ್ತೇನೆ. ಪಟ್ಟಿ ನನ್ನ ಕೈಯಲ್ಲಿದ್ದಿದ್ದರೆ ಆ ಮಾತಿನ ಹಳ್ಳಿಯನ್ನು ನಾನು ಸೇರಿಸುತ್ತಿರಲಿಲ್ಲ.