ಹಾಲಕ್ಕನ ಸುಣ್ಣದ ಬೊಟ್ಟು

ಹಾಲಕ್ಕ ಕಟ್ಟೆಯ ಮೇಲೆ ಕೂತರೂ ಅವಳ ಪಾದಗಳು ಸುಮ್ಮನೆ ಕೂರುತ್ತಿರಲಿಲ್ಲ. ಎಲೆ ಅಡಿಕೆ ಮೆಲ್ಲುವಾಗ, ಕಾಳು ಆರಿಸುವಾಗ, ಯಾರದೋ ಸಾವಿನ ಸುದ್ದಿ ಕೇಳುವಾಗಲೂ ನೆಲ ತಟ್ಟುತ್ತಲೇ ಇರುತ್ತಿದ್ದವು. ಕೊಟ್ಟೂರಿನ ನಮ್ಮ ಓಣಿಯಲ್ಲಿ ನನ್ನ ಎದುರು ಬಾಗಿಲು ಅವಳದು.

ನಿಮ್ಮ ತಾತ ಹೋದಮೇಲೆ ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದೆ, ಮಕ್ಕಳೇ. ನಾಲ್ಕು ಜನರ ಮುಂದೆ ನಡೆದುಹೋಗಲು ನನಗೆ ಮೊದಲಿಂದಲೂ ನಾಚಿಕೆ. ಮೊಣಕಾಲು ಬಿಗಿದುಕೊಂಡವು. ನಡೆಯದಿದ್ದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ರೈಲು ಹತ್ತಿ ಹರಿಹರಕ್ಕೆ, ನಿಮ್ಮ ಮನೆಗೆ ಬರುವ ಆಸೆ ಒಳಗೇ ಕುದಿಯುತ್ತಿತ್ತು. ಸ್ಟೇಷನ್ ಮುಟ್ಟಲು ಕಾಲು ಬೇಕಲ್ಲ.

"ಟೇಸನ್ ಎದ್ದು ನಿನ್ನ ಹತ್ರ ಬರಂಗಿಲ್ಲ. ಏಳ್ ತಂಗಿ," ಎಂದು ಒಂದು ಬೆಳಿಗ್ಗೆ ಹಾಲಕ್ಕ ರಟ್ಟೆ ಹಿಡಿದು ಎಬ್ಬಿಸಿದಳು. ಮೂಲೆಮನೆ ಬರುವಷ್ಟರಲ್ಲಿ ನಾನು ಗೋಡೆ ಹಿಡಿದು ನಿಂತೆ. ಅವಳು ಎಲೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ನಾನು ನಿಂತ ಕಡೆ ಗೋಡೆಗೆ ಬೆರಳಿಂದ ಒಂದು ಬೊಟ್ಟಿಟ್ಟಳು. "ನಾಳಿ ಇದನ್ನ ದಾಟಬೇಕು. ಗೇಣಾದ್ರೂ ಸರಿ."

ಬೊಟ್ಟುಗಳು ಗೋಡೆಯಿಂದ ಲೈಟು ಕಂಬಕ್ಕೆ, ಕಂಬದಿಂದ ಹಿಟ್ಟಿನ ಗಿರಣಿಗೆ ಸರಿದವು. ಗಿರಣಿಯ ಬಸಣ್ಣ ಗಾಬರಿಯಾಗಿ ಬಂದ. "ಯಕ್ಕಾ, ರಸ್ತಿ ಅಗಲ ಮಾಡೋರು ಗುರ್ತು ಹಾಕಿ ಹೋಗ್ಯಾರ. ನನ್ನ ಗೋಡಿ ಹೋಗ್ತೈತಿ."

"ಹೌದಪ, ಇವಳ ಕಾಲಿಗೆ ಈ ರಸ್ತಿ ಸಾಲವಲ್ದು," ಎಂದಳು ಹಾಲಕ್ಕ, ನಗದೆ.

ಕಾಲು ನೋವೆಂದು ಒಂದು ದಿನ ನಾನು ಹಿಂದಿನ ಬೊಟ್ಟನ್ನೂ ಮುಟ್ಟಲಿಲ್ಲ. "ಸ್ವಲ್ಪ ಮುಂದ ಇಡಕ್ಕ, ಯಾರಿಗೆ ತಿಳಿತೈತಿ?" ಎಂದೆ.

"ಗೋಡಿಗೆ ತಿಳಿಯಂಗಿಲ್ಲ, ಕಾಲಿಗೆ ತಿಳಿತೈತಿ," ಎಂದು ನಾನು ನಿಂತಲ್ಲೇ ಇಟ್ಟಳು.

ಸ್ಟೇಷನ್ನಿಗೆ ಒಂದೇ ತಿರುವು ಉಳಿದಾಗ ಹಾಲಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದಮೇಲೆ ಅವಳ ರಟ್ಟೆ ಹಿಡಿದು ನಡೆಸಿದವಳು ನಾನು, ನಡುಮನೆಯ ಗೋಡೆಗೆ ಬೊಟ್ಟಿಟ್ಟವಳೂ ನಾನೇ. ಅವು ಬಾಗಿಲ ಕಡೆ ಹೋಗಲಿಲ್ಲ. ದಿನದಿಂದ ದಿನಕ್ಕೆ ಮಂಚದ ಕಡೆಗೆ ಸರಿಯತೊಡಗಿದವು. ತಡೆಯಲಾರದೆ ಒಂದು ಬೆಳಿಗ್ಗೆ ಬೊಟ್ಟನ್ನು ಒಂದು ಮಾರು ಮುಂದೆ ಇಟ್ಟೆ.

"ಅಳಿಸು," ಎಂದಳು. "ನಿನಗ ನಾ ಎಂದಾರ ಸುಳ್ಳು ಬೊಟ್ಟು ಇಟ್ಟಿದ್ನಾ?"

ಸೆರಗಿನಿಂದ ಒರೆಸಿ, ಅವಳು ನಿಂತಲ್ಲೇ ಇಟ್ಟೆ. ಮಂಚ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಮಲಗಿಸಿದೆ.

"ಇವತ್ತು ನಿಂದು ಎಲ್ಲಿಗೆ ಬಂತು?"

"ನಡದಿಲ್ಲಕ್ಕ."

"ಹಂಗಾರ ಇಲ್ಲೇನ್ ಕುಂತಿ? ಹೋಗು."

ಹೊದಿಕೆಯೊಳಗೆ ಅವಳ ಪಾದಗಳು ಮಂಚದ ಪಟ್ಟಿಯನ್ನು ತಟ್ಟುತ್ತಿದ್ದವು.

ಹೋದೆ. ಆ ತಿರುವನ್ನೂ ದಾಟಿದೆ. ಸ್ಟೇಷನ್ನಿನ ಕಲ್ಲುಬೆಂಚಿಗೆ ಬೊಟ್ಟಿಡೋಣವೆಂದರೆ ಡಬ್ಬಿ ಅವಳ ದಿಂಬಿನ ಪಕ್ಕದಲ್ಲೇ ಉಳಿದಿತ್ತು. ತರೋಣ, ಅವಳಿಗೂ ಹೇಳೋಣ ಎಂದು ತಿರುಗಿದೆ. ನಮ್ಮ ಓಣಿಗೆ ಬಂದಾಗ ಹಾಲಕ್ಕನ ಬಾಗಿಲ ತುಂಬ ಚಪ್ಪಲಿಗಳು, ಒಳಗೆ ಹೆಂಗಸರ ಅಳು.

ಸ್ಟೇಷನ್ನಿನಿಂದ ನಾನು ಎಲ್ಲೂ ನಿಲ್ಲದೆ ಬಂದಿದ್ದೆನೆಂಬುದು ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ.