ಹುಲ್ಲಿಗೆ ಎರೆದ ನೀರು

ನಾಗಪುರದಲ್ಲಿ ನಮ್ಮಪ್ಪ ಮನಸಾರೆ ಸಾಕಿದ್ದು ಒಂದನ್ನೇ, ಬಜಾಜ್ ನಗರದ ನಮ್ಮ ಮನೆಯ ಮುಂದಿನ ಲಾನು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತನ್ನು ಯಾರು ಕಟ್ಟಿದರೋ, ನಮ್ಮಪ್ಪನನ್ನು ನೋಡಿಯೇ ಕಟ್ಟಿರಬೇಕು. ದಸರೆಯ ಸಂಜೆ ಓಣಿಯವರೆಲ್ಲ ನಮ್ಮ ಕಡೆಯ ಬನ್ನಿಯಂತೆ, ಬಂಗಾರವೆಂದು ಆಪ್ಟಾ ಎಲೆ ಕೊಡಲು ಬರುತ್ತಿದ್ದರು. ಆಗ ಲಾನಿನ ಮೇಲೆ ಕುರ್ಚಿ ಹಾಕಿಸಿ, ಇದು ಹುಲ್ಲಲ್ಲ, ಹಾಸಿದ ಗಾಲೀಚಾ, ಸಾಹೇಬ ಅಂತ ಅನ್ನಿಸಿಕೊಳ್ಳುವುದಕ್ಕೇ ಅವರು ವರ್ಷವಿಡೀ ದುಡಿಯುತ್ತಿದ್ದರು.

ಆ ವರ್ಷ ಗಣಪತಿ ನೀರಿಗೆ ಹೋದ ಮೇಲೆ ಮಳೆಯೂ ಮುಖ ತೋರಿಸಲಿಲ್ಲ. ನಳ ದಿನ ಬಿಟ್ಟು ದಿನ ಬರುತ್ತಿತ್ತು. ಬಿಸಿಲು ಮಾತ್ರ ಏಪ್ರಿಲಿನದೇ. ನೀರು ಉಳಿಸಬೇಕೆಂದು ಅಪ್ಪ ಹಿಂದಿನ ಕೋಣೆಯ ಕೂಲರ್ ಬಂದ್ ಮಾಡಿಸಿದರು. ಆ ಕೋಣೆಯಲ್ಲಿ ಲಕ್ವಾ ಹೊಡೆದ ಅಮ್ಮ ಮಲಗಿದ್ದಳು. ಸಾಲಿಯಲ್ಲಿ ಪಾಠ ಮಾಡಿ ಬಂದ ನಾನು ಒದ್ದೆ ಬಟ್ಟೆಯಲ್ಲಿ ಅವಳ ಮೈ ಒರೆಸುತ್ತಿದ್ದೆ. ತಲೆಗೆ ಎರೆಯುವಷ್ಟು ನೀರು ಲಾನಿನ ಪಾಲಾಗುತ್ತಿತ್ತು. ಸಂಜೆ ಪೈಪಿನ ಸದ್ದು ಕೇಳುತ್ತ ಅಮ್ಮ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.

ಹಬ್ಬಕ್ಕೆ ಮುಂಚೆ ಒಮ್ಮೆ ತಲೆಸ್ನಾನ, ಅವಳು ಕೇಳಿದ್ದು ಅಷ್ಟೇ. ದಾರಿಯನ್ನೂ ಅವಳೇ ಹುಡುಕಿದಳು.

“ರೀ, ಲಾನಿನ್ಯಾಗ ನನ್ನ ಕುಂದರ್ಸಿ ಎರೀರಿ. ಸುತ್ತ ಸೀರಿ ಕಟ್ಟಿದ್ರಾತು. ತಲಿಗೂ ಆಕ್ಕೈತಿ, ಹುಲ್ಲಿಗೂ ಆಕ್ಕೈತಿ.”

“ಸೀಗೀಕಾಯಿ ನೀರಿಗೆ ಹುಲ್ಲು ಕೆಂಪಾಕ್ಕೈತಿ,” ಅಂದರು ಅಪ್ಪ. “ದಸರಾ ಆಗ್ಲಿ, ನೋಡೋಣಂತ.”

ನಾನು ಬಕೆಟ್ ಎತ್ತಿಕೊಂಡು, ಲಾನಿಗೆಂದು ನೀರು ತುಂಬಿಸಿಟ್ಟ ಡ್ರಮ್ಮಿನ ಕಡೆ ಹೊರಟೆ. ಹಬ್ಬದಲ್ಲಿ ಜಗಳ ಬೇಡವೆಂದು ಅಮ್ಮ ಆಣೆ ಹಾಕಿದಳು.

ದಸರೆಯ ದಿನ ಲಾನು ಹಸಿರಾಗಿ ಮೆರೆಯಿತು. ಹೊಗಳಿದವರು ಒಳಗೆ ಬಂದು ಅಮ್ಮನ ಕೈಗೂ ಎಲೆ ಕೊಟ್ಟರು. ನಾತ ಬರಬಾರದೆಂದು ಅವಳು ತಲೆಗೆ ಬಟ್ಟೆ ಸುತ್ತಿಸಿಕೊಂಡಿದ್ದಳು. ಪಕ್ಕದ ಮನೆಯಾಕೆ ಸೆರಗನ್ನು ಮೂಗಿಗೆ ಹಿಡಿದೇ ಕಾಲಿಗೆ ನಮಸ್ಕರಿಸಿದರು. ಇವಳಿಗೆ ತಣ್ಣೀರು ಆಗಿಬರುವುದಿಲ್ಲ, ಸ್ನಾನವೆಂದರೆ ಹೆದರುತ್ತಾಳೆ ಅಂತ ಅಪ್ಪ ಅವರಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದರು. ಅಮ್ಮನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು.

ದಸರೆ ಮುಗಿದ ವಾರದಲ್ಲೇ ಒಂದು ಬೆಳಗ್ಗೆ ಅಮ್ಮ ಕಣ್ಣು ತೆರೆಯಲಿಲ್ಲ.

ಅಂಗಳದಲ್ಲಿ ಸಿಮೆಂಟಿನ ಹಾದಿ ಕಿರಿದು, ಉಳಿದದ್ದೆಲ್ಲ ಲಾನು. ಓಣಿಯ ಹಿರಿಯರು ಹುಲ್ಲಿನ ಮೇಲೆಯೇ ಹಲಗೆ ಹಾಕಿಸಿ ಅವಳನ್ನು ಮಲಗಿಸಿದರು. ಸುತ್ತ ಸೀರೆ ಕಟ್ಟಿದರು. ನೀರಿಲ್ಲದ ಆ ದಿನಗಳಲ್ಲೂ ಓಣಿಯ ಹೆಂಗಸರು ತಂತಮ್ಮ ಮನೆಯಿಂದ ಒಂದೊಂದು ಬಕೆಟ್ ತಂದರು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎನ್ನುತ್ತ ಅರಿಶಿನ ಹಚ್ಚಿ ಎರೆದರು. ಸೀಗೆಕಾಯಿ ಹಾಕಿ ತಲೆ ತಿಕ್ಕಿದವಳು ನಾನು. ಎಷ್ಟು ತಿಕ್ಕಿದರೂ ನನಗೆ ಸಮಾಧಾನವಾಗಲಿಲ್ಲ. ಅಪ್ಪ ನೀರು ತಾಗದಂತೆ ಧೋತರ ಎತ್ತಿ ಹಿಡಿದು ನಿಂತು, ಬಕೆಟ್ ತಂದವರಿಗೆ ದಾರಿ ಬಿಡುತ್ತಿದ್ದರು. ನಾಲ್ಕು ಮಂದಿಯ ಎದುರಿಗೆ ಅವರು ಯಾವಾಗಲೂ ಒಳ್ಳೆಯವರೇ.

ಕರ್ಮಾಂತರ ಮುಗಿದ ಮರುದಿನ, ಹೇಗೂ ನಿನಗೀಗ ಬಿಡುವಾಗಿದೆ ಎಂದು ಪೈಪನ್ನು ನನ್ನ ಕೈಗೆ ಕೊಟ್ಟರು. ಹಲಗೆ ಇಟ್ಟಿದ್ದ ಕಡೆ ಹುಲ್ಲು ಕೆಂಪಾಗಿರಲಿಲ್ಲ, ದಟ್ಟವಾಗಿ ಎದ್ದಿತ್ತು. ನಾನು ಅಲ್ಲಿಂದಲೇ ಶುರು ಮಾಡಿದೆ. ಅಪ್ಪ ಕುರ್ಚಿಯಿಂದ ಕೂಗಿದರು.

“ಅಲ್ಲಿ ಬ್ಯಾಡ. ಅಲ್ಲಿ ಭರಪೂರ್ ಬಿದ್ದೈತಿ.”

ನೀರಿನ ಟಾಕಿ ಖಾಲಿಯಾಗುವ ತನಕ ಪೈಪನ್ನು ಅಲ್ಲೇ ಹಿಡಿದು ನಿಂತೆ. ಮುಂದೆಯೂ ನೀರು ಬಂದಾಗೆಲ್ಲ ಅಲ್ಲಿಗೇ ಹಾಕಿದೆ. ನನ್ನ ಕೈಯಿಂದ ಪೈಪು ಕಸಿಯುವ ಧೈರ್ಯ ಅಪ್ಪನಿಗೆ ಬರಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಲಾನು ಒಣಗಿ ಕಡ್ಡಿಯಾಗಿತ್ತು. ನಡುವೆ ಅಮ್ಮನಷ್ಟು ಉದ್ದದ ಹಸಿರು ಮಾತ್ರ ಉಳಿದಿತ್ತು. ಸಾವಿನ ಮನೆಯೆಂದು ಮಾತಾಡಿಸಲು ಬಂದ ಅಪ್ಪನ ಕಚೇರಿಯವರು, ಇಷ್ಟೇ ಯಾಕೆ ಹಸಿರಿದೆ ಅಂತ ಕೇಳಿದರು. ಅಪ್ಪನ್ನ ಕೇಳ್ರಿ ಎಂದು ಹೇಳಿ ನಾನು ಚಹಾ ಮಾಡಲು ಒಳಗೆ ಹೋದೆ.