ಬೋಣಿ ಯಾರ ಕೈಯದಾದರೇನು

ಆ ಒಂದು ಬೋಣಿಗೆ ನಾನು ಬೆಳಗಾವಿ ಪೇಟೆಯಲ್ಲಿ ಕೂರುವ ಜಾಗವನ್ನೇ ತೆತ್ತೆ. ಎರಡು ವರ್ಷ ಕಾಡಿಬೇಡಿ ಹಿಡಿದಿದ್ದ ಕಿರಾಣಿ ಅಂಗಡಿಯ ಕಟ್ಟೆ: ಮೇಲೆ ನೆರಳು, ಎದುರಿಗೇ ಬಸ್ಸು. ಅದು ಕೈಬಿಟ್ಟು ಹೋದದ್ದು ಯಾಕೆಂದರೆ, ದಿನದ ಮೊದಲ ದುಡ್ಡನ್ನು ಒಬ್ಬ ವಿಧವೆಯ ಕೈಯಿಂದ ತೆಗೆದುಕೊಂಡೆ.

ಎರಡು ಸಾವಿರದ ಇಸವಿಯ ಆಸುಪಾಸು. ಖಾನಾಪುರದಿಂದ ಮಣ್ಣಿನ ಗಡಿಗೆಗಳನ್ನು ಹುಲ್ಲಿನಲ್ಲಿ ಸುತ್ತಿ ತಂದು ಮಾರುತ್ತಿದ್ದೆ. ಅವತ್ತು ಬುಟ್ಟಿ ಇಳಿಸಿದಾಗಿನಿಂದ ಒಬ್ಬ ಮುದುಕಿ ಕಂಬದ ಬಾಜು ನಿಂತೇ ಇದ್ದರು. ಕಣ್ಣು ಗಡಿಗೆಯ ಮೇಲೆ, ಕಾಲು ಮಾತ್ರ ಮುಂದೆ ಬಾರದು.

“ಯಾಕ ಆಯಿ, ನಿಂತರ ಬಸ್ಸ ಹೋದೀತು. ಬರ್ರಿ, ನೋಡ್ರಿ.”

“ಮೊದಲ ನಿನ್ನ ಬೋಣಿ ಆಗಲಿ ತಂಗಿ. ಆಮ್ಯಾಲ ಬರತೇನಿ.”

ಅವರ ಬರಿಯ ಹಣೆ ಆಗ ನನ್ನ ಕಣ್ಣಿಗೆ ಬಿತ್ತು. “ನಿಮ್ಮದ ಬೋಣಿ,” ಎಂದು ಗಡಿಗೆ ಕೈಗಿಟ್ಟೆ.

“ಬೋಣಿ ಅಂತಿ, ಮತ್ತ ದರ ಇಳಸೂದಿಲ್ಲೇನ?”

ಇಳಿಸಲಿಲ್ಲ. ಆಯಿ ನಕ್ಕು ಪೂರಾ ದುಡ್ಡು ಕೊಟ್ಟರು. ನಾನು ಕಣ್ಣಿಗೊತ್ತಿಕೊಂಡೆ. ಅಂಗಡಿಯ ಯಜಮಾನ ಅದನ್ನು ನೋಡಿಬಿಟ್ಟ.

“ಬೋಣಿಗೆ ಭವಾನಿ ಅಂತಾರ. ದೇವಿ ಹೆಸರಿಂದ ಬಂದ ಮಾತು. ಮುತ್ತೈದಿ ಕೈಲೆ ಆಗಬೇಕು. ರೊಕ್ಕ ತಿರುಗಿ ಕೊಡು.”

ಆಯಿ ಗಡಿಗೆ ಕೆಳಗಿಡಲು ಬಗ್ಗಿದರು. “ಇಟ್ರ ನಾ ರೊಕ್ಕ ತಿರುಗಿ ಕೊಡೂದಿಲ್ಲ ನೋಡ್ರಿ,” ಎಂದು ತಡೆದೆ. ಆಮೇಲೆ ಯಜಮಾನನ ಕಡೆ ತಿರುಗಿದೆ: “ದೇವಿ ಹೆಸರಾದ್ರ ದೇವಿ ಬೈಯಲಿ ಅಣ್ಣಾರ. ನೀವ್ಯಾಕ ಬೈತೀರಿ?”

“ಹಂಗಾದ್ರ ನಾಳಿಂದ ಈ ಕಟ್ಟಿ ಬಿಡು.”

ಅವತ್ತು ಮತ್ತೆರಡು ಗಡಿಗೆಯಷ್ಟೇ ಹೋದವು. “ನೋಡಿದ್ಯೋ ಇಲ್ಲೋ?” ಎಂದ ಯಜಮಾನ. ಕುಂಕುಮದವರು ಬೋಣಿ ಮಾಡಿದ ದಿನವೂ ನಾನು ತುಂಬಿದ ಬುಟ್ಟಿ ವಾಪಸ್ ಹೊತ್ತದ್ದುಂಟು. ಆಗ ಯಾರೂ ಯಾರ ಹಣೆಯನ್ನೂ ದೂರಿರಲಿಲ್ಲ.

ಮರುದಿನದಿಂದ ನೆಹರು ನಗರದ ಆಸ್ಪತ್ರೆ ರಸ್ತೆಯಲ್ಲಿ ಬಿಸಿಲಿಗೆ ಕೂತೆ. ಬೋಣಿ ಎಂಬ ಮಾತು ಎಲ್ಲಿಂದ ಬಂತೆಂದು ಬಂದ ಗಿರಾಕಿಗಳನ್ನೆಲ್ಲ ಕೇಳಿದೆ. ಮರಾಠಿ ಮಂದಿ ಭವಾನಿ ಎನ್ನುತ್ತಾರೆ, ನಾವು ಬೋಣಿ ಎನ್ನುತ್ತೇವೆ. ದೇವಿಯ ಹೆಸರೆಂದು ಕೆಲವರು, ಅಲ್ಲವೆಂದು ಕೆಲವರು. ಅರ್ಥ ಮಾತ್ರ ಎಲ್ಲರಿಗೂ ಒಂದೇ: ದಿನದ ಮೊದಲ ಮಾರಾಟ. ಯಾರ ಹಣೆ ಹೇಗಿರಬೇಕು ಎಂಬುದು ಆ ಮಾತಿನೊಳಗಿಲ್ಲ. ಅದು ಮಂದಿ ಆಮೇಲೆ ತುರುಕಿದ್ದು.

ನೀವು ಕಟ್ಟೆ ವ್ಯಾಪಾರಕ್ಕೆ ಇಳಿಯುವವರಾದರೆ, ಒಬ್ಬನ ಮರ್ಜಿಯ ಜಾಗವನ್ನೇ ನಂಬಬೇಡಿ. ಇನ್ನೊಂದು ಜಾಗ ನೋಡಿಟ್ಟಿರಿ. ಬೋಣಿ ಎಂದು ಯಾರು ಕೇಳಿದರೂ ದರ ಇಳಿಸಬೇಡಿ. ಬುಟ್ಟಿ ಇಳಿಸಿದೊಡನೆ ಸುತ್ತ ಒಮ್ಮೆ ನೋಡಿ. ದೂರ ನಿಂತು ಕಾಯುತ್ತಿರುವವರನ್ನು ಮೊದಲು ಕರೆಯಿರಿ.